ರಾಜಧಾನಿಯಿಂದ ಹಳೇ ರಾಜಧಾನಿಗೆ: ಕಡಿಮೆ ಖರ್ಚಿನಲ್ಲಿ ಬೆಂಗಳೂರಿನಿಂದ ಬಾದಾಮಿಗೆ ರೈಲು ಪ್ರವಾಸ

ಸಂಜೆ ಮೆಜೆಸ್ಟಿಕ್‌ನಲ್ಲಿ ರೈಲು ಹತ್ತಿ ಮಲಗಿದರೆ ಬೆಳಗ್ಗೆ ಕಣ್ಣು ಬಿಡುವಾಗ ಕಿಟಕಿಯ ಆಚೆ ಎರೆ ಭೂಮಿ, ಜೋಳದ ಹೊಲ. ದೂರದಲ್ಲಿ ಕೆಂಪು ಬಂಡೆಗಳ ಸಾಲು. ಅದೇ ಬಾದಾಮಿ. ಬೆಂಗಳೂರಿನಿಂದ ರೈಲು ದಾರಿಯಲ್ಲಿ ಸುಮಾರು 600 ಕಿಲೋಮೀಟರ್. ಈಗ ಸಣ್ಣ ಊರು. ಆದರೆ 543ರಲ್ಲಿ ಒಂದನೇ ಪುಲಕೇಶಿ ಇಲ್ಲಿನ ಬಂಡೆಯ ಮೇಲೆ ಕೋಟೆ ಕಟ್ಟಿಸಿದ. ಅಲ್ಲಿಂದ ಸುಮಾರು 200 ವರ್ಷ ಇದು ಚಾಲುಕ್ಯರ ರಾಜಧಾನಿ ಆಗಿತ್ತು.

ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಬೇಕು ಅಂತ ಎಷ್ಟೋ ಜನ ಹೇಳುತ್ತಾರೆ. ಕಾರು, ಡ್ರೈವರು, ಹೋಟೆಲು ಅಂತ ಲೆಕ್ಕ ಹಾಕಿದಾಗ ಖರ್ಚು ಜಾಸ್ತಿ ಅನ್ನಿಸಿ ಸುಮ್ಮನಾಗಿಬಿಡುತ್ತಾರೆ. ನಾನು ಹೋದಾಗೆಲ್ಲ ರೈಲು, ಸರ್ಕಾರಿ ಬಸ್ಸು, ಟಂಟಂ ಅನ್ನುವ ಶೇರ್ ಆಟೋಗಳಲ್ಲೇ ಓಡಾಡಿದ್ದೇನೆ. ಇಬ್ಬರು ಜೊತೆಯಾಗಿ ಹೋದರೆ ತಲೆಗೆ 2000 ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಲೆಕ್ಕ ಸರಳ. ಹೋಗುವ ರಾತ್ರಿ, ಬರುವ ರಾತ್ರಿ ಎರಡೂ ನಿದ್ದೆ ರೈಲಿನಲ್ಲೇ. ಲಾಡ್ಜಿಗೆ ಕೊಡುವುದು ಒಂದೇ ರಾತ್ರಿಯ ಬಾಡಿಗೆ. ಸಿಗುವುದು ಪೂರ್ತಿ ಎರಡು ಹಗಲು.

ಯಾವಾಗ ಹೋಗಬೇಕು

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಹೊಲದಲ್ಲಿ ಜೋಳ, ಕಡಲೆ, ಕುಸುಬೆ ಇರುತ್ತದೆ. ಬಿಸಿಲೂ ತಡೆಯುವಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ದಯವಿಟ್ಟು ಬೇಡ. ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಂಡೆ ಕಾದ ಹಂಚಿನ ಹಾಗೆ ಇರುತ್ತದೆ. ಚಪ್ಪಲಿ ಬಿಟ್ಟು ಹೋಗಬೇಕಾದ ಜಾಗದಲ್ಲಿ ಮಕ್ಕಳು ಅತ್ತುಬಿಡುತ್ತಾರೆ. ಮಳೆಗಾಲದಲ್ಲಿ ಹೋದರೆ ಒಂದು ಲಾಭ ಇದೆ. ಜೋರು ಮಳೆ ಬಿದ್ದ ಮೇಲೆ ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ಮೇಲಿನ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತದೆ. ಹಾಗಾಗಿ ಅದನ್ನೇ ನಂಬಿ ಟಿಕೆಟ್ ಮಾಡಬೇಡಿ.

ಬನದ ಹುಣ್ಣಿಮೆಗೆ, ಅಂದರೆ ಸಾಮಾನ್ಯವಾಗಿ ಜನವರಿಯಲ್ಲಿ, ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತವೆ, ಊರೆಲ್ಲ ರಾತ್ರಿಯಿಡೀ ಎದ್ದಿರುತ್ತದೆ. ಜಾತ್ರೆಗೆಂದೇ ಹೋಗುವುದಾದರೆ ಖಂಡಿತ ಹೋಗಿ. ಗುಹೆ, ಗುಡಿಗಳನ್ನು ಸಮಾಧಾನವಾಗಿ ನೋಡಬೇಕು ಅಂದರೆ ಆ ವಾರ ಬಿಡಿ. ರೈಲೂ ತುಂಬಿರುತ್ತದೆ, ಲಾಡ್ಜೂ ತುಂಬಿರುತ್ತದೆ.

ವಾರದಲ್ಲಿ ಯಾವ ದಿನ? ಶುಕ್ರವಾರ ರಾತ್ರಿ ಹೋಗಿ ಭಾನುವಾರ ರಾತ್ರಿ ವಾಪಸ್ ಹೊರಡುವುದು ಎಲ್ಲರ ಯೋಚನೆ, ಅದಕ್ಕೇ ಆ ಟಿಕೆಟ್ ಬೇಗ ಖಾಲಿ. ಒಂದು ದಿನ ರಜೆ ಹಾಕಲು ಆದರೆ ಶನಿವಾರ ರಾತ್ರಿ ಹೊರಡಿ. ಭಾನುವಾರ ಬಾದಾಮಿ, ಸೋಮವಾರ ಐಹೊಳೆ, ಪಟ್ಟದಕಲ್ಲು. ಸೋಮವಾರ ಪಟ್ಟದಕಲ್ಲಿನಲ್ಲಿ ಜನವೇ ಇರುವುದಿಲ್ಲ. ಬಾದಾಮಿಯ ಮ್ಯೂಸಿಯಂಗೆ ಶುಕ್ರವಾರ ರಜೆ, ಅದನ್ನೂ ನೆನಪಿಟ್ಟುಕೊಳ್ಳಿ.

ಟಿಕೆಟ್ ಮಾಡುವುದು

ಬೆಂಗಳೂರಿನಿಂದ ನೇರ ಹೋಗುವ ಹಳೆಯ ರೈಲು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್. ಮೈಸೂರಿನಿಂದ ಹೊರಟು ಬೆಂಗಳೂರು, ತುಮಕೂರು, ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ, ಗದಗ ದಾಟಿ ಬಾದಾಮಿ ಮುಟ್ಟುತ್ತದೆ. ಆಮೇಲೆ ಬಾಗಲಕೋಟೆ, ವಿಜಯಪುರದ ಕಡೆಗೆ ಮುಂದುವರಿಯುತ್ತದೆ. ನಂಬರ್ 16535, ವಾಪಸ್ ಬರುವುದು 16536. ಟಿಕೆಟ್ ಹುಡುಕುವಾಗ ಬೆಂಗಳೂರಿಗೆ ಎಸ್‌ಬಿಸಿ, ಬಾದಾಮಿಗೆ ಬಿಡಿಎಂ ಅಂತ ಹಾಕಿ. ಬೇರೆ ರೈಲು ಸಿಕ್ಕಿದರೆ ಅದು ಮೆಜೆಸ್ಟಿಕ್‌ನಿಂದ ಹೊರಡುತ್ತದೋ ಯಶವಂತಪುರದಿಂದಲೋ ಅಂತ ಒಮ್ಮೆ ನೋಡಿಕೊಳ್ಳಿ.

ರಿಸರ್ವೇಶನ್ ಪ್ರಯಾಣಕ್ಕೆ 60 ದಿನ ಮೊದಲು ಶುರುವಾಗುತ್ತದೆ. ಹಿಂದೆ 120 ದಿನ ಇತ್ತು, 2024ರ ನವೆಂಬರ್ 1ರಿಂದ ಬದಲಾಯಿತು. ಹಳೆ ಲೆಕ್ಕದಲ್ಲಿ ಕ್ಯಾಲೆಂಡರ್ ನೋಡುತ್ತ ಕೂರಬೇಡಿ. ಹೋಗುವ ಟಿಕೆಟ್ ಮಾಡಿದ ಎರಡು ದಿನಕ್ಕೆ ವಾಪಸ್ ಬರುವ ದಿನದ ಬುಕಿಂಗ್ ತೆರೆಯುತ್ತದೆ. ಅವತ್ತೇ ಅದನ್ನೂ ಮಾಡಿಬಿಡಿ. ಹೋಗುವ ಖುಷಿಯಲ್ಲಿ ವಾಪಸ್ ಟಿಕೆಟ್ ಮರೆತು ಕೊನೆಗೆ ದುಬಾರಿ ಬಸ್ಸಿಗೆ ದುಡ್ಡು ಸುರಿದವರನ್ನು ನೋಡಿದ್ದೇನೆ.

ಕ್ಲಾಸ್ ಯಾವುದು? ಸ್ಲೀಪರ್ ಸಾಕು. 350ರಿಂದ 400 ರೂಪಾಯಿಯ ಆಸುಪಾಸು ಆಗುತ್ತದೆ. ಚಳಿಗಾಲದ ರಾತ್ರಿ ಎಸಿ ಬೇಕೇ ಇಲ್ಲ, ಒಂದು ಹೊದಿಕೆ ಇದ್ದರೆ ಆಯಿತು. 45 ದಾಟಿದ ಹೆಂಗಸರು, 60 ದಾಟಿದ ಗಂಡಸರು ಇದ್ದರೆ ಬುಕ್ ಮಾಡುವಾಗ ವಯಸ್ಸು ಸರಿಯಾಗಿ ಹಾಕಿ. ಕೆಳಗಿನ ಬರ್ತಿಗೆ ಅವರಿಗೆ ಬೇರೆ ಕೋಟಾ ಇದೆ. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವಾದರೆ ಟಿಕೆಟ್ ಬೇಕಿಲ್ಲ.

ಜನರಲ್ ಬೋಗಿಗೆ ಇದರ ಅರ್ಧದಷ್ಟೇ ದುಡ್ಡು. ರಿಸರ್ವೇಶನ್ ಬೇಡ. ಟಿಕೆಟ್ ಕೌಂಟರಿನಲ್ಲೂ ಸಿಗುತ್ತದೆ, ರೈಲ್‌ಒನ್ ಆ್ಯಪ್‌ನಲ್ಲೂ ಆಗುತ್ತದೆ. ಫೋನಿನಲ್ಲಿ ತೆಗೆದರೆ ಆ್ಯಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಆದರೂ ನನ್ನ ಮಾತು ಕೇಳಿ. ಇಡೀ ರಾತ್ರಿಯ ದಾರಿಗೆ ಜನರಲ್ ಬೇಡ. ಉಳಿಸಿದ 200 ರೂಪಾಯಿಗೆ ಬೆಳಗಿನ ಬಾದಾಮಿಯನ್ನು ತೂಕಡಿಸುತ್ತ ನೋಡಬೇಕಾಗುತ್ತದೆ.

ಸ್ಲೀಪರ್ ವೇಟಿಂಗ್ ಲಿಸ್ಟ್‌ಗೆ ಹೋದರೆ? ಆರ್‌ಎಸಿ ಆದರೆ ಪರವಾಗಿಲ್ಲ, ಸೈಡ್ ಲೋವರ್‌ನಲ್ಲಿ ಇಬ್ಬರು ಕೂತು ಹೋಗಬಹುದು. ಆನ್‌ಲೈನ್‌ನಲ್ಲಿ ತೆಗೆದದ್ದು ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ತಾನೇ ರದ್ದಾಗಿ ದುಡ್ಡು ವಾಪಸ್ ಬರುತ್ತದೆ, ಆ ಟಿಕೆಟ್ ಹಿಡಿದು ಹತ್ತುವಂತಿಲ್ಲ. ತತ್ಕಾಲ್ ಹಿಂದಿನ ದಿನ ತೆರೆಯುತ್ತದೆ. ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಖಾತೆಗೆ ಆಧಾರ್ ಜೋಡಿಸಿರಬೇಕು. ಇದನ್ನು ಮೊದಲೇ ಮಾಡಿಟ್ಟುಕೊಳ್ಳಿ, 10:58ಕ್ಕೆ ಅಲ್ಲ.

ಯಾವುದೂ ಸಿಗದಿದ್ದರೆ ಹುಬ್ಬಳ್ಳಿಗೆ ಟಿಕೆಟ್ ನೋಡಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲು ಬೇಕಾದಷ್ಟಿವೆ. ಅಲ್ಲಿಂದ ಬಾದಾಮಿ ಸುಮಾರು 100 ಕಿಲೋಮೀಟರ್, ಬಸ್ಸು ಸಿಗುತ್ತದೆ, ಗದಗದ ಮೇಲೆ ಹೋಗುವ ರೈಲೂ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಇಳಿದರೆ ಒಂದು ಸಲ ಆ ಪ್ಲಾಟ್‌ಫಾರಂ ಉದ್ದಕ್ಕೂ ಕಣ್ಣು ಹಾಯಿಸಿ. 1507 ಮೀಟರ್ ಉದ್ದ, ಪ್ರಪಂಚದಲ್ಲೇ ಅಷ್ಟು ಉದ್ದದ್ದು ಇನ್ನೊಂದಿಲ್ಲ.

ರೈಲಿನಲ್ಲಿ ರಾತ್ರಿ

ರಾತ್ರಿಯ ಬುತ್ತಿ ಮನೆಯಿಂದಲೇ ಕಟ್ಟಿಕೊಳ್ಳಿ. ಚಪಾತಿ-ಪಲ್ಯ, ಪುಳಿಯೋಗರೆ ಯಾವುದಾದರೂ ಸರಿ. ಮೊಸರನ್ನ ಆದರೆ ಬೇಗ ತಿಂದುಬಿಡಿ. ಬ್ಯಾಗು ಚಿಕ್ಕದಿರಲಿ, ಬೆನ್ನಿಗೆ ಹಾಕುವಂಥದ್ದು. ಮರುದಿನ ಬಸ್ಸಿನಲ್ಲಿ, ಟಂಟಂನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಕಾಗುತ್ತದೆ. ಮಧ್ಯದ ಬರ್ತ್ ಬಿಚ್ಚುವುದು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ ಅನ್ನುವುದು ರೈಲ್ವೆ ನಿಯಮ. ಕೆಳಗಿನವರೂ ಮೇಲಿನವರೂ ಇಷ್ಟು ನೆನಪಿಟ್ಟುಕೊಂಡರೆ ಜಗಳ ಇಲ್ಲ. ತೊಂದರೆ ಏನಾದರೂ ಆದರೆ 139ಕ್ಕೆ ಫೋನ್ ಮಾಡಿ.

ಬಾದಾಮಿ ಕೊನೆಯ ನಿಲ್ದಾಣ ಅಲ್ಲ, ರೈಲು ಅಲ್ಲಿ ನಿಲ್ಲುವುದೂ ಸ್ವಲ್ಪವೇ ಹೊತ್ತು. ಹಾಗಾಗಿ ಗದಗ ಬರುವ ಹೊತ್ತಿಗೆ ಅಲಾರಾಂ ಇಟ್ಟುಕೊಳ್ಳಿ. ಗದಗ ಬಿಟ್ಟ ಮೇಲೆ ಮುಖ ತೊಳೆದು ಕಿಟಕಿ ಹತ್ತಿರ ಕೂತುಬಿಡಿ. ನನಗೆ ಇಡೀ ಪ್ರಯಾಣದಲ್ಲಿ ತುಂಬಾ ಇಷ್ಟ ಈ ಒಂದು ಗಂಟೆ. ಬಯಲು, ಅಲ್ಲೊಂದು ಇಲ್ಲೊಂದು ಬೇವಿನ ಮರ, ಎತ್ತಿನ ಗಾಡಿ. ಹೊಳೆಆಲೂರು ಬಂತೆಂದರೆ ಬ್ಯಾಗು ಕಟ್ಟಿ, ಬಾಗಿಲ ಕಡೆ ಸರಿಯಿರಿ.

ಮೊದಲ ದಿನ: ಬಾದಾಮಿ

ರೈಲು ನಿಲ್ದಾಣದಿಂದ ಊರು ಸುಮಾರು 5 ಕಿಲೋಮೀಟರ್. ಹೊರಗೆ ಟಂಟಂ ನಿಂತಿರುತ್ತವೆ. 'ಶೇರ್ ಹೋಗ್ತೀರೇನ್ರಿ?' ಅಂತ ಕೇಳಿ ಹತ್ತಿ, ಇಲ್ಲದಿದ್ದರೆ ಪೂರ್ತಿ ಗಾಡಿಯ ಬಾಡಿಗೆ ಹೇಳುತ್ತಾರೆ. ಬಸ್ ಸ್ಟ್ಯಾಂಡ್ ಸುತ್ತಮುತ್ತ ಸಾದಾ ಲಾಡ್ಜ್‌ಗಳಿವೆ. ರೂಮಿಗೆ ನಾನು 800 ರೂಪಾಯಿ ಇಟ್ಟುಕೊಂಡು ಹೋಗುತ್ತೇನೆ. ಬೆಳಗ್ಗೆ ಬೇಗ ತಲುಪುತ್ತೀರಿ ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಚೆಕ್-ಇನ್ 24 ಗಂಟೆ ಲೆಕ್ಕವೋ, ಮಧ್ಯಾಹ್ನ 12ರ ಲೆಕ್ಕವೋ ಅಂತಲೂ ಕೇಳಿ. 12ರ ಲೆಕ್ಕವಾದರೆ ಬೆಳಗ್ಗೆ 7ಕ್ಕೆ ಹೋದವರಿಗೆ ಎರಡು ದಿನದ ಬಾಡಿಗೆ ಬೀಳಬಹುದು.

ಸ್ನಾನ ಮಾಡಿ, ಸುಸಲಾ ಮಿರ್ಚಿ (ನೆನೆಸಿದ ಮಂಡಕ್ಕಿಯ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ) ತಿಂದು, ಮೊದಲು ಕೆರೆಯ ಉತ್ತರದ ಬದಿಗೆ ಹೋಗಿ. ಎಲ್ಲರೂ ನೇರ ಗುಹೆಗೆ ಓಡುತ್ತಾರೆ, ನೀವು ಹಾಗೆ ಮಾಡಬೇಡಿ. ಮ್ಯೂಸಿಯಂ ಪಕ್ಕದಿಂದ ಬಂಡೆಗಳ ನಡುವೆ ಮೆಟ್ಟಿಲು ಏರುತ್ತವೆ. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುತ್ತದೆ, ಬಿಸಿಲು ಒಳಗೆ ಬರುವುದೇ ಇಲ್ಲ. ಮೇಲೆ ಶಿವಾಲಯಗಳಿವೆ. ಅಲ್ಲಿಂದ ಕೆಳಗೆ ನೋಡಿದರೆ ಹಸಿರು ನೀರಿನ ಅಗಸ್ತ್ಯ ತೀರ್ಥ, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರು, ಎದುರು ಬದಿಯ ಬಂಡೆಯಲ್ಲಿ ಕೊರೆದ ಗುಹೆಗಳು, ಕೆರೆಯ ಆ ತುದಿಗೆ ಭೂತನಾಥ ಗುಡಿ. ಬಟ್ಟೆ ಬಡಿಯುವ ಸದ್ದು ಬಂಡೆಗೆ ಹೊಡೆದು ಮೇಲಿನವರೆಗೂ ಕೇಳಿಸುತ್ತದೆ. ಕೆಳಗೆ ಇಳಿದ ಮೇಲೆ ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಯವರೆಗೆ ನಡೆಯಿರಿ. ಆ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಎಲ್ಲಿ ಅಂತ ಊರವರನ್ನು ಕೇಳಿದರೆ ತೋರಿಸುತ್ತಾರೆ. ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ಅತಿ ಹಳೆಯದು ಅಲ್ಲಿ ಕಲ್ಲಿನಲ್ಲಿದೆ. ಕನ್ನಡ ಓದುವವರು ಬಾದಾಮಿಗೆ ಹೋಗಿ ಇದನ್ನು ನೋಡದೆ ಬರಬಾರದು, ಅಲ್ವಾ?

ಮಧ್ಯಾಹ್ನದ ಊಟಕ್ಕೆ ಬನಶಂಕರಿ. ಊರಿನಿಂದ 5 ಕಿಲೋಮೀಟರ್, ಟಂಟಂ ಓಡುತ್ತಲೇ ಇರುತ್ತವೆ. ಗುಡಿಯ ಮುಂದೆ ಕಲ್ಲಿನ ಮಂಟಪಗಳು ಸುತ್ತುವರಿದ ಹರಿದ್ರಾ ತೀರ್ಥ. ಅಲ್ಲೇ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಕಟಿ ರೊಟ್ಟಿ (ಒಣಗಿಸಿದ ಗರಿಗರಿ ಜೋಳದ ರೊಟ್ಟಿ), ಬದನೆಕಾಯಿ ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ಎಲ್ಲ ಮನೆಯಲ್ಲಿ ಮಾಡಿ ತಂದದ್ದು. ಕೂತರೆ ಎದುರಿಗೇ ಬಡಿಸುತ್ತಾರೆ. ಕಳೆದ ಸಲ ನಾನು ಎರಡು ರೊಟ್ಟಿಗೆ ಸಾಕು ಅಂದೆ. ಅಜ್ಜಿ ಮೂರನೆಯದನ್ನು ಮುರಿದು ತಟ್ಟೆಗೆ ಹಾಕಿಯೇಬಿಟ್ಟರು. 'ತಿನ್ನೋ ಯಪ್ಪಾ, ಅಷ್ಟ ಉಂಡ್ರ ಗುಡ್ಡ ಹೆಂಗ್ ಹತ್ತತಿ?' ಅಂದರು. ಮೂರನೆಯದಕ್ಕೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಚಿಲ್ಲರೆ ಇಟ್ಟುಕೊಂಡು ಹೋಗಿ. ಇಲ್ಲಿ ಚೌಕಾಸಿ ಮಾಡಬೇಡಿ.

ಗುಹೆಗಳನ್ನು 3 ಗಂಟೆ ಮೇಲೆ ಇಟ್ಟುಕೊಳ್ಳಿ. ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬಾಗಿಲ ಹತ್ತಿರದಿಂದಲೇ ಮಂಗಗಳು ಶುರು. ಪ್ಲಾಸ್ಟಿಕ್ ಚೀಲ ಕೈಯಲ್ಲಿ ಹಿಡಿದರೆ ತಿಂಡಿ ಅಂತಲೇ ಅವುಗಳ ಲೆಕ್ಕ. ನೀರಿನ ಬಾಟಲಿಯನ್ನೂ ಬ್ಯಾಗಿನೊಳಗೇ ಇಡಿ, ಕನ್ನಡಕ ಜೋಪಾನ.

ಒಂದನೇ ಗುಹೆಯ ಬಲಗಡೆ 18 ಕೈಗಳ ನಟರಾಜ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಒಂದೊಂದು ಜೊತೆ ಕೈಯನ್ನೂ ಬೇರೆ ಬೇರೆ ಹಿಡಿದು ನೋಡಿದರೆ ಒಂದೊಂದು ಬೇರೆ ಭಂಗಿ ಸಿಗುತ್ತದೆ. ಎರಡನೆಯದರಲ್ಲಿ ವಿಷ್ಣು ಇದ್ದಾನೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಲೇಶ ಇದನ್ನು ಮಾಡಿಸಿದ್ದು 578ರಲ್ಲಿ, ಅವನ ಶಾಸನ ಅಲ್ಲೇ ಇದೆ. ತಲೆ ಎತ್ತಿ ಕಂಬಗಳ ಮೇಲ್ತುದಿ ನೋಡಿ. ಅಲ್ಲಿ ಜೋಡಿಗಳು ಮರದ ಕೆಳಗೆ ನಿಂತಿದ್ದಾರೆ. ಒಬ್ಬೊಬ್ಬರ ತುರುಬು ಒಂದೊಂದು ಥರ. ನಾಲ್ಕನೆಯದು ಜೈನರದ್ದು, ಚಿಕ್ಕದು. ಒಳಗೆ ಬಾಹುಬಲಿ ಇದ್ದಾನೆ. ಶ್ರವಣಬೆಳಗೊಳದ ಮೂರ್ತಿಗಿಂತ ಹಳಬ. ಸಂಜೆ ಬಿಸಿಲು ಬಂಡೆಗೆ ಬೀಳುವಾಗ ಕಲ್ಲು ಇಟ್ಟಿಗೆಯ ಬಣ್ಣದಿಂದ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಲೆಂದೇ ಬೆಳಗ್ಗೆ ಆ ಬದಿ, ಸಂಜೆ ಈ ಬದಿ ಅಂತ ಹೇಳಿದ್ದು.

ಎರಡನೇ ದಿನ: ಮೊದಲು ದೂರದ್ದು

ಪಟ್ಟದಕಲ್ಲು ಬಾದಾಮಿಯಿಂದ 22 ಕಿಲೋಮೀಟರ್. ಐಹೊಳೆ ಅದರಿಂದಲೂ ಆಚೆ 13ರಷ್ಟು. ಹತ್ತಿರದ್ದು ಮೊದಲು ನೋಡೋಣ ಅನ್ನಿಸುವುದು ಸಹಜ. ಮೊದಲ ಸಲ ನಾನೂ ಹಾಗೇ ಮಾಡಿದೆ. ಪಟ್ಟದಕಲ್ಲಿನಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಐಹೊಳೆ ತಲುಪಿದಾಗ 4 ಗಂಟೆ. ಗುಡಿ ನೋಡಿ ರಸ್ತೆಗೆ ಬಂದರೆ, ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು 'ಬಸ್ ಹೋತ್ರಿ' ಅಂದರು. ಕತ್ತಲಾಗುವವರೆಗೂ ಅಲ್ಲೇ ನಿಂತೆ. ಕೊನೆಗೆ ಉಳ್ಳಾಗಡ್ಡಿ ಚೀಲ ತುಂಬಿದ್ದ ಗಾಡಿಯವರೊಬ್ಬರು ಅಮೀನಗಡದವರೆಗೆ ಬಿಟ್ಟರು. ಅಲ್ಲಿಂದ ಬಸ್ಸು ಬದಲಿಸಿ ಬಾದಾಮಿಗೆ ಬರುವಾಗ ರೈಲಿಗೆ ಸ್ವಲ್ಪವೇ ಹೊತ್ತು ಉಳಿದಿತ್ತು.

ಹಾಗಾಗಿ ಬೆಳಗಿನ ಮೊದಲ ಬಸ್ಸಿಗೆ ನೇರ ಐಹೊಳೆಗೆ ಹೋಗಿ. ವಾಪಸ್ ಬರುತ್ತ ಪಟ್ಟದಕಲ್ಲಿನಲ್ಲಿ ಇಳಿಯಿರಿ. ಪಟ್ಟದಕಲ್ಲಿನಿಂದ ಬಾದಾಮಿಗೆ ಬಸ್ಸು, ಟೆಂಪೋ ಸಂಜೆಯವರೆಗೂ ಸಿಗುತ್ತವೆ. ಐಹೊಳೆಯಿಂದ ಕಡಿಮೆ. ಹತ್ತಿದ ಕೂಡಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ: 'ಅಣ್ಣಾರ, ವಾಪಸ್ ಬಸ್ ಎಷ್ಟೊತ್ತಿಗೆ ಐತ್ರಿ?' ಬೋರ್ಡಿನಲ್ಲಿ ಬರೆದದ್ದಕ್ಕಿಂತ ಅವರು ಹೇಳಿದ್ದೇ ನಂಬಿಕೆಗೆ ಅರ್ಹ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಕರ್ನಾಟಕದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, 2023ರ ಜೂನ್‌ನಿಂದ. ವಿಳಾಸ ಇರುವ ಗುರುತಿನ ಚೀಟಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ನಾಲ್ಕೈದು ಜನ ಇದ್ದರೆ ಇಡೀ ದಿನಕ್ಕೆ ಒಂದು ಆಟೋ ಮಾತಾಡಿದರೂ ಹೊರೆ ಆಗುವುದಿಲ್ಲ. ದರ, ಕಾಯುವ ಹೊತ್ತು ಎರಡನ್ನೂ ಹತ್ತುವ ಮೊದಲೇ ಮಾತಾಡಿ ಮುಗಿಸಿ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಎಲ್ಲ ನೋಡಲು ಹೊರಡಬೇಡಿ. ಬಿಸಿಲೇರುವ ಮೊದಲು ಮೇಗುತಿ ಗುಡ್ಡ ಹತ್ತಿ. ಮೇಲಿನ ಜೈನ ಬಸದಿಯ ಗೋಡೆಯಲ್ಲಿ 634ರ ಶಾಸನ ಇದೆ, ಬರೆದವನು ರವಿಕೀರ್ತಿ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ನಾವು ಶಾಲೆಯಲ್ಲಿ ಓದಿದ್ದೇವಲ್ಲ, ಅದಕ್ಕೆ ಆಧಾರ ಈ ಕಲ್ಲು. ಕೆಳಗೆ ಬಂದು ದುರ್ಗ ಗುಡಿ ನೋಡಿ, ಟಿಕೆಟ್ 25 ರೂಪಾಯಿ. ಹಿಂಭಾಗ ದುಂಡಗೆ, ಸುತ್ತಲೂ ಕಂಬದ ಸಾಲು. ಹೆಸರು ದುರ್ಗಾ ದೇವಿಯಿಂದ ಬಂದದ್ದಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ, ಅಂದರೆ ದುರ್ಗದಿಂದ ಬಂದದ್ದು. ಹತ್ತಿರದಲ್ಲೇ ಲಾಡಖಾನ್ ಗುಡಿ, ಸ್ವಲ್ಪ ಆಚೆ ರಾವಣಫಡಿ ಗುಹೆ. ಇಷ್ಟು ಸಾಕು.

ಮಧ್ಯಾಹ್ನಕ್ಕೆ ಪಟ್ಟದಕಲ್ಲು. ಟಿಕೆಟ್ 40 ರೂಪಾಯಿ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಉತ್ತರದ ಶೈಲಿಯ ಶಿಖರ, ದಕ್ಷಿಣದ ಶೈಲಿಯ ಶಿಖರ ಅಕ್ಕಪಕ್ಕದಲ್ಲೇ ನಿಂತಿವೆ. ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಎಷ್ಟೇ ಹೊತ್ತು ಕಡಿಮೆ ಇದ್ದರೂ ವಿರೂಪಾಕ್ಷ ಗುಡಿಗೆ ಒಂದು ಗಂಟೆ ಕೊಡಿ. ಇದರ ಹಿಂದಿನ ಕಥೆ ಗೊತ್ತಿದ್ದರೆ ಕಲ್ಲು ಬೇರೆಯೇ ಥರ ಕಾಣುತ್ತದೆ. 642ರಲ್ಲಿ ಪಲ್ಲವರು ಬಾದಾಮಿಯನ್ನು ಗೆದ್ದರು. ಸುಮಾರು 100 ವರ್ಷ ಆದ ಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಗೆದ್ದವನು ಅಲ್ಲಿನ ಕೈಲಾಸನಾಥ ಗುಡಿಯನ್ನು ಕೆಡವಲಿಲ್ಲ. ಅದರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಹಾಗೆಂದು ಅಲ್ಲೇ ಕನ್ನಡದಲ್ಲಿ ಶಾಸನ ಕೆತ್ತಿಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಈ ವಿರೂಪಾಕ್ಷ ಗುಡಿ. ಕಟ್ಟಿದ ಶಿಲ್ಪಿಯ ಹೆಸರೂ ಶಾಸನದಲ್ಲಿ ಉಳಿದಿದೆ: ಗುಂಡ ಅನಿವಾರಿತಾಚಾರಿ. ಇಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ಒಳಗೆ ಕತ್ತಲು. ಕಂಬಗಳ ಮೇಲಿನ ಕಥೆಗಳು ಮೊದಲು ಕಾಣುವುದಿಲ್ಲ, ಐದು ನಿಮಿಷ ಕೂತರೆ ಕಣ್ಣು ಒಗ್ಗಿ ಒಂದೊಂದೇ ಮೂಡುತ್ತವೆ.

ಈ ಎರಡು ದಿನದಲ್ಲಿ ಹಂಪಿಯನ್ನೂ ತುರುಕಬೇಡಿ. ಅದಕ್ಕೆ ಬೇರೆಯದೇ ಪ್ರವಾಸ ಬೇಕು. ಒಂದು ದಿನ ಜಾಸ್ತಿ ಇದ್ದರೆ ಬಾದಾಮಿ ಹತ್ತಿರದ ಮಹಾಕೂಟದ ಗುಡಿಗಳಿಗೆ ಹೋಗಿ, ಇಲ್ಲವೇ ಗದಗದಲ್ಲಿ ಇಳಿದು ಲಕ್ಕುಂಡಿಯ ಗುಡಿಗಳನ್ನು ನೋಡಿ ಬನ್ನಿ.

ಖರ್ಚು, ಆಮೇಲೆ ವಾಪಸ್

ಇಬ್ಬರು ಒಂದೇ ರೂಮಿನಲ್ಲಿ ಇದ್ದರೆ ಒಬ್ಬರಿಗೆ ನನ್ನ ಲೆಕ್ಕ ಹೀಗೆ: ಸ್ಲೀಪರ್ ಎರಡೂ ಕಡೆ ಸೇರಿ 800, ರೂಮು 400, ಬಸ್ಸು ಟಂಟಂ 200, ಪ್ರವೇಶ ಟಿಕೆಟ್‌ಗಳು 100, ಊಟ ತಿಂಡಿ 500. ಕೈಯಲ್ಲಿ ನೋಟು, ಚಿಲ್ಲರೆ ಇರಲಿ. ಫೋನಿನಲ್ಲಿ ದುಡ್ಡು ಕಳಿಸಬಹುದು, ಆದರೆ ಐಹೊಳೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಬಸ್ಸಿನವರು ಕಾಯುವುದಿಲ್ಲ.

ಏನಾದರೂ ತರಬೇಕು ಅನ್ನಿಸಿದರೆ ಗುಳೇದಗುಡ್ಡದ ಖಣ ತನ್ನಿ. ಪಕ್ಕದ ಊರಿನ ಮಗ್ಗದಲ್ಲಿ ನೇಯ್ದ ರವಿಕೆ ಬಟ್ಟೆ ಅದು. ಅಮ್ಮನಿಗೆ, ಅಕ್ಕನಿಗೆ ಕೊಟ್ಟರೆ ಖುಷಿಪಡುತ್ತಾರೆ, ಬ್ಯಾಗಿನಲ್ಲಿ ಜಾಗವನ್ನೂ ತಿನ್ನುವುದಿಲ್ಲ. ಅಮೀನಗಡದ ಸಿಹಿತಿಂಡಿ ಕರದಂಟು ಬಾದಾಮಿಯ ಅಂಗಡಿಗಳಲ್ಲೇ ಸಿಗುತ್ತದೆ.

ಸಂಜೆ ರೈಲು ಎಲ್ಲಿದೆ ಅಂತ ಫೋನಿನಲ್ಲಿ ನೋಡಿಕೊಂಡು ಊರು ಬಿಡಿ. ಕತ್ತಲಾದ ಮೇಲೆ ನಿಲ್ದಾಣದ ಕಡೆ ಟಂಟಂ ಕಡಿಮೆ, ಹಾಗಾಗಿ ಒಂದು ಗಂಟೆ ಮೊದಲೇ ಹೋಗಿ ಕೂರುವುದು ಒಳ್ಳೆಯದು. ರಾತ್ರಿಯ ಊಟಕ್ಕೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಳ್ಳಿ. ಕಟಿ ರೊಟ್ಟಿ ಕೆಡುವುದಿಲ್ಲ. ಬೆಳಗ್ಗೆ ತುಮಕೂರು ಬಂತೆಂದರೆ ಎದ್ದು ಹೊದಿಕೆ ಮಡಿಚಿಡಿ. ಬೆಂಗಳೂರಿನ ಉತ್ತರ, ಪಶ್ಚಿಮ ಭಾಗದವರು ಯಶವಂತಪುರದಲ್ಲೇ ಇಳಿಯಬಹುದು, ಮೆಟ್ರೋ ಅಲ್ಲೇ ಪಕ್ಕದಲ್ಲಿದೆ.